ತುಮಕೂರಿನಿಂದ ಶನಿವಾರ-ಭಾನುವಾರ ಝೂ ಮತ್ತು ವಾಟರ್‌ಪಾರ್ಕ್ ಎರಡನ್ನೂ ಮುಗಿಸಬಹುದೇ? ಯಾವುದು ಮೊದಲು?

ನಾಲ್ಕು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು, ಸಕ್ಕರೆ ಕಾಯಿಲೆ ಇರುವ ಅತ್ತೆಯವರು, ಒಂದು ಕಾರು, ಕೈಯಲ್ಲಿರುವುದು ಶನಿವಾರ-ಭಾನುವಾರ. ಜೊತೆಗೆ, ಛಾವಣಿಯ ಕೆಳಗಿರುವ ವಾಟರ್‌ಪಾರ್ಕ್ ಸಿಕ್ಕರೆ ಬಿಸಿಲಿನ ಕಾಟ ಇರುವುದಿಲ್ಲ ಅಂತಲೂ ಕೇಳಿದ್ದೀರಿ. ಎರಡೂ ಮುಗಿಯುತ್ತದೆ. ಆದರೆ ಹೆಚ್ಚಿನವರು ಹಾಕಿಕೊಳ್ಳುವ ಯೋಜನೆಯನ್ನು ತಿರುವು ಮುರುವು ಮಾಡಿ. ಶನಿವಾರ ವಾಟರ್‌ಪಾರ್ಕ್, ಭಾನುವಾರ ಬೆಳಗ್ಗೆ ಝೂ.

ಕಾರಣ ಬಾಗಿಲು ತೆರೆಯುವ ಹೊತ್ತು. ಬಿಡದಿಯ ವಂಡರ್‌ಲಾ ತೆರೆಯುವುದೇ 11ಕ್ಕೆ. ತುಮಕೂರಿನಿಂದ ಏಳೂವರೆಗೆ ಹೊರಟರೂ ದಾರಿಯಲ್ಲಿ ತಿಂಡಿ ಮುಗಿಸಿ ಸರಿಯಾದ ಹೊತ್ತಿಗೆ ಗೇಟಿನ ಮುಂದೆ ಇರುತ್ತೀರಿ. ಮೈಸೂರು ಝೂ ತೆರೆಯುವುದು ಎಂಟೂವರೆಗೆ, ನೋಡಬೇಕಾದದ್ದೂ ಅದೇ ಹೊತ್ತಿನಲ್ಲಿ. ಹುಲಿ, ಸಿಂಹ, ಕರಡಿ ಎಲ್ಲ ಬೆಳಗಿನ ತಂಪಿನಲ್ಲಿ ಓಡಾಡಿಕೊಂಡಿರುತ್ತವೆ. ಹನ್ನೊಂದೂವರೆ ದಾಟಿದರೆ ನೆರಳು ಹುಡುಕಿಕೊಂಡು ಮಲಗುತ್ತವೆ, ಮಕ್ಕಳಿಗೆ ಕಾಣುವುದು ಬೆನ್ನು ಮಾತ್ರ. ತುಮಕೂರಿನಿಂದ ಎಂಟೂವರೆಗೆ ಮೈಸೂರು ಮುಟ್ಟಬೇಕೆಂದರೆ ಮಕ್ಕಳನ್ನು ನಾಲ್ಕೂವರೆಗೆ ಎಬ್ಬಿಸಬೇಕು. ರಾತ್ರಿ ಮೈಸೂರಿನಲ್ಲೇ ಉಳಿದಿದ್ದರೆ ಆ ಕಷ್ಟವೇ ಇಲ್ಲ. ನೀರಾಟದ ದಿನ ಕೊನೆಗೆ ಬಂದರೆ ಇನ್ನೊಂದು ತೊಂದರೆಯೂ ಇದೆ: ಸುಸ್ತಾದ ಮಕ್ಕಳು, ಒದ್ದೆ ಬಟ್ಟೆಯ ಚೀಲ, ಭಾನುವಾರ ಸಂಜೆಯ ಟ್ರಾಫಿಕ್, ಮರುದಿನ ಸ್ಕೂಲು.

ಛಾವಣಿಯ ಆಸೆ ಬಿಡಿ. ನಮ್ಮ ಕಡೆಯ ದೊಡ್ಡ ವಾಟರ್‌ಪಾರ್ಕ್‌ಗಳೆಲ್ಲ ಮುಖ್ಯವಾಗಿ ಬಯಲಿನವೇ. ಪೂರ್ತಿ ಮುಚ್ಚಿದ ಪಾರ್ಕು ಹಿಮ ಬೀಳುವ ದೇಶಗಳ ಅಗತ್ಯ. ರೆಸಾರ್ಟುಗಳಲ್ಲಿ ಒಳಾಂಗಣದ ಸಣ್ಣ ಕೊಳಗಳು ಸಿಗುತ್ತವೆ, ಅಂಥ ಕಡೆ ಹೋದರೆ ಮೊದಲು ಮೂಗಿಗೆ ಕೆಲಸ ಕೊಡಿ. ಒಳಗೆ ಕಾಲಿಡುತ್ತಲೇ ಮೂಗಿಗೆ ಅಡರುವ ‘ಕ್ಲೋರಿನ್ ವಾಸನೆ’ ನೀರು ಚೊಕ್ಕಟವಾಗಿದೆ ಎನ್ನುವುದರ ಗುರುತಲ್ಲ. ಬೆವರು, ಮೂತ್ರ, ಮೈಯ ಕೊಳೆ ಇವು ಕ್ಲೋರಿನ್ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ. ಕಣ್ಣು ಉರಿಸುವುದು, ಕೆಮ್ಮು ತರಿಸುವುದು ಅದೇ. ಬಯಲಿನಲ್ಲಾದರೆ ಅದು ಗಾಳಿಗೆ ಹೋಗಿಬಿಡುತ್ತದೆ, ಮುಚ್ಚಿದ ಜಾಗದಲ್ಲಿ ನೀರಿನ ಮೇಲೇ ನಿಲ್ಲುತ್ತದೆ. ಉಬ್ಬಸ ಇರುವ ಮಗುವಿಗೆ ಇದು ತಮಾಷೆಯಲ್ಲ.

ಹೊರಡುವ ಮೊದಲು ಇಬ್ಬರು ಮಕ್ಕಳನ್ನೂ ಗೋಡೆಗೆ ಒರಗಿಸಿ ಎತ್ತರ ಅಳೆಯಿರಿ. ಟಿಕೆಟ್ಟೂ ಆಟವೂ ನಡೆಯುವುದು ಎತ್ತರದ ಲೆಕ್ಕದಲ್ಲಿ, ವಯಸ್ಸಿನ ಲೆಕ್ಕದಲ್ಲಲ್ಲ. 85 ಸೆಂ.ಮೀ.ಗಿಂತ ಕೆಳಗಿದ್ದರೆ ಪ್ರವೇಶ ಉಚಿತ, ಅಲ್ಲಿಂದ 140ರ ತನಕ ಮಕ್ಕಳ ಟಿಕೆಟ್. ಎದೆ ಝಲ್ಲೆನ್ನಿಸುವ ದೊಡ್ಡ ಜಾರುಬಂಡೆಗಳಿಗೆ ಸಾಮಾನ್ಯವಾಗಿ 140 ದಾಟಿರಬೇಕು. ಒಂಬತ್ತು ವರ್ಷದ ಮಕ್ಕಳ ಸರಾಸರಿ ಎತ್ತರ 130ರ ಆಸುಪಾಸು. ಅಂದರೆ ನಿಮ್ಮ ದೊಡ್ಡ ಮಗು ವಿಡಿಯೋದಲ್ಲಿ ನೋಡಿ ಕುಣಿಯುತ್ತಿರುವ ಆಟಕ್ಕೇ ಸೇರಿಸಿಕೊಳ್ಳದೆ ಇರಬಹುದು. ಇದನ್ನು ಮನೆಯಲ್ಲೇ ಹೇಳಿಬಿಡಿ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು, ಅಳತೆ ಕಂಬದ ಹತ್ತಿರ ಬಂದಾಗ ವಾಪಸ್ ಕಳಿಸಿದರೆ ಆ ದಿನದ ಖುಷಿಯೆಲ್ಲ ಅಲ್ಲಿಗೆ ಮುಗಿಯಿತು. ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ತೆಗೆದುಕೊಳ್ಳಬೇಕೇ ಎನ್ನುವುದೂ ಈ ಅಳತೆಯ ಮೇಲೇ ನಿಂತಿದೆ. ಇಬ್ಬರೂ 140ರ ಕೆಳಗಿದ್ದರೆ ಅದಕ್ಕೆ ಹಣ ಸುರಿಯುವುದು ದಂಡ, ಮಕ್ಕಳ ಕೊಳಗಳಲ್ಲಿ ಅಂಥ ಸಾಲೇ ಇರುವುದಿಲ್ಲ.

ಬಟ್ಟೆಯ ವಿಷಯಕ್ಕೆ ಅಲ್ಲಿ ಜಗಳಗಳೇ ಆಗುತ್ತವೆ. ನೀರಿಗೆ ಇಳಿಯಲು ನೈಲಾನ್, ಪಾಲಿಯೆಸ್ಟರ್ ಅಥವಾ ಲೈಕ್ರಾ ಬೇಕು. ಕಾಟನ್, ಸೀರೆ, ಚೂಡಿದಾರ, ಜೀನ್ಸ್ ಬಿಡುವುದಿಲ್ಲ. ಇದು ಬಾಡಿಗೆ ಬಟ್ಟೆ ಕೊಡಲು ಮಾಡಿದ ನೆಪ ಅನ್ನುವವರಿದ್ದಾರೆ. ಹಾಗೇನಲ್ಲ, ಕಾಟನ್ ನೀರು ಕುಡಿದು ಭಾರವಾಗಿ ಈಜುವವರನ್ನೇ ಕೆಳಕ್ಕೆ ಎಳೆಯುತ್ತದೆ, ಅದರ ಎಳೆ ಉದುರಿ ಫಿಲ್ಟರ್‌ಗೆ ಕಟ್ಟಿಕೊಳ್ಳುತ್ತದೆ. ಜಿಪ್ಪು, ಲೋಹದ ಗುಂಡಿ ಇದ್ದರೆ ಜಾರುಬಂಡೆಯ ಫೈಬರ್ ಗೀರುತ್ತದೆ, ಆ ಗೀರು ಮುಂದೆ ಜಾರುವವರ ಬೆನ್ನು ಕೊಯ್ಯುತ್ತದೆ. ಮೊಣಕಾಲಿನವರೆಗಿನ ಲೆಗ್ಗಿಂಗ್ಸ್ ಮತ್ತು ತೋಳಿರುವ ಪಾಲಿಯೆಸ್ಟರ್ ಟೀ-ಶರ್ಟ್ ಊರಲ್ಲೇ ಕೊಂಡರೆ ಅಲ್ಲಿಗಿಂತ ಅಗ್ಗ. ಹೆಂಗಸರಿಗೆ ಇದೇ ಅನುಕೂಲ, ಮೈಯೂ ಸುಡುವುದಿಲ್ಲ.

ಒಬ್ಬೊಬ್ಬರಿಗೆ ಎರಡು ಟವಲ್, ಎರಡು ಜೊತೆ ಒಣ ಒಳಉಡುಪು, ಒಂದು ಜೊತೆ ಒಣ ಬಟ್ಟೆ. ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಕವರ್ ಎರಡು. ಕುತ್ತಿಗೆಗೆ ತೂಗುಹಾಕುವ ಮೊಬೈಲ್ ಪೌಚ್ ಒಂದೇ ಸಾಕು, ಉಳಿದ ಫೋನುಗಳು ಲಾಕರಿನಲ್ಲಿರಲಿ. ಬೆಳ್ಳಿ ಕಾಲ್ಗೆಜ್ಜೆ ಮನೆಯಲ್ಲೇ ಬಿಚ್ಚಿಡಿ, ಕ್ಲೋರಿನ್ ನೀರಿಗೆ ಕಪ್ಪಾಗುತ್ತದೆ. ಚಿನ್ನದ ಸರ, ಓಲೆ ಇವನ್ನು ಅಲೆಯ ಕೊಳದಲ್ಲಿ ಕಳೆದುಕೊಂಡರೆ ಹುಡುಕಲು ಆಗದು. ಬೆಳಗ್ಗೆ ಮಕ್ಕಳ ತಲೆಗೆ ಎಣ್ಣೆ ಹಚ್ಚಬೇಡಿ, ಎಣ್ಣೆ ನೀರಿನ ಮೇಲೆ ತೇಲಿ ಕ್ಲೋರಿನ್ನಿನ ಶಕ್ತಿ ತಿನ್ನುತ್ತದೆ. ಬದಲಿಗೆ ಕೊಳಕ್ಕೆ ಇಳಿಯುವ ಮೊದಲು ಷವರಿನಲ್ಲಿ ತಲೆ ಪೂರ್ತಿ ನೆನೆಸಿ. ಸಾದಾ ನೀರು ಕುಡಿದ ಕೂದಲು ಕ್ಲೋರಿನ್ ನೀರನ್ನು ಕಡಿಮೆ ಎಳೆದುಕೊಳ್ಳುತ್ತದೆ.

ಕಳೆದ ಎರಡು ವಾರದಲ್ಲಿ ಯಾವುದಾದರೂ ಮಗುವಿಗೆ ಜೋರು ಭೇದಿ ಆಗಿದ್ದರೆ ಈ ಸಲ ಕೊಳ ಬೇಡ. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ದಿನಗಟ್ಟಲೆ ಬದುಕಿರುತ್ತದೆ, ಭೇದಿ ನಿಂತ ಮೇಲೂ ಕೆಲವು ದಿನ ದೇಹದಿಂದ ಹೊರಬರುತ್ತಲೇ ಇರುತ್ತದೆ. ಚಿಕ್ಕದಕ್ಕೆ ಗಂಟೆಗೊಮ್ಮೆ ಶೌಚಾಲಯ ತೋರಿಸಿ, ಕೇಳಿದರೆ ‘ಇಲ್ಲ’ ಅಂತಲೇ ಹೇಳುತ್ತದೆ.

ದಾರಿ: ನೆಲಮಂಗಲ ದಾಟಿ ಮಾದಾವರದ ಹತ್ತಿರ ನೈಸ್ ರಸ್ತೆ ಹಿಡಿದು, ಮೈಸೂರು ರಸ್ತೆಯಲ್ಲಿ ಇಳಿದು ಬಿಡದಿಗೆ. ಸುಮಾರು 90 ಕಿ.ಮೀ. ನೈಸ್ ಟೋಲಿಗೆ ಫಾಸ್ಟ್ಯಾಗ್ ನಂಬಿಕೊಂಡಿರದೆ ಸ್ವಲ್ಪ ನಗದು ಇಟ್ಟುಕೊಳ್ಳಿ. ದಾಬಸ್‌ಪೇಟೆಯಿಂದ ಮಾಗಡಿ ಮೇಲೆ ಹೋಗುವ ಒಳದಾರಿ ನೋಡಲು ಚಂದ, ಆದರೆ ತಿರುವು ಜಾಸ್ತಿ, ವಾಂತಿ ಮಾಡುವ ಮಕ್ಕಳಿದ್ದರೆ ಬೇಡ. ತಿಂಡಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೋ ಬಿಡದಿಯ ತಟ್ಟೆ ಇಡ್ಲಿಯೋ ನೀವೇ ತೀರ್ಮಾನಿಸಿ, ತುಮಕೂರಿನವರ ತೀರ್ಪು ಏನಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಹೊರಗಿನ ಊಟ ಪಾರ್ಕಿನೊಳಗೆ ಬಿಡುವುದಿಲ್ಲ, ಆದ್ದರಿಂದ ಈ ತಿಂಡಿ ಗಟ್ಟಿಯಾಗಿರಲಿ.

ನೀರಿನ ಆಟಗಳು ಒಣ ಆಟಗಳಿಗಿಂತ ತಡವಾಗಿ ತೆರೆದು ಬೇಗ ಮುಚ್ಚುತ್ತವೆ. ಹೋದ ಕೂಡಲೇ ಬಟ್ಟೆ ಬದಲಿಸಬೇಡಿ. ಮೊದಲ ಒಂದು ಗಂಟೆ ಒಣ ಆಟ, ಹನ್ನೆರಡೂಕಾಲಕ್ಕೇ ಹಗುರ ಊಟ (ಒಂದೂವರೆಗೆ ಹೋದರೆ ಊಟದ ಸಾಲು ನೋಡಲಾಗದು), ಆಮೇಲೆ ನೀರು. ಕೊನೆಯ ಆಟಕ್ಕೆ ಕಾಯದೆ, ಮುಚ್ಚುವುದಕ್ಕೆ ಅರ್ಧ ಗಂಟೆ ಮೊದಲೇ ಹೊರಬಂದರೆ ಸ್ನಾನದ ಕೋಣೆ ಖಾಲಿ ಇರುತ್ತದೆ.

ಅಲೆಯ ಕೊಳದ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿರಿ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬಡಿದು ಕೂಗುವುದಿಲ್ಲ, ಬಾಯಿ ನೀರಿನ ಮಟ್ಟದಲ್ಲಿದ್ದಾಗ ಕೂಗಲು ಉಸಿರೇ ಇರುವುದಿಲ್ಲ. ಸದ್ದಿಲ್ಲದೆ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಅಲೆ ಶುರುವಾಗುವ ಸೈರನ್ ಕೇಳಿದರೆ ಜನ ಎಲ್ಲ ಒಳಕ್ಕೆ ನುಗ್ಗುತ್ತಾರೆ, ನೀವು ಚಿಕ್ಕದನ್ನು ಎತ್ತಿಕೊಂಡು ದಡದ ಕಡೆ ಬನ್ನಿ. ಮೊಣಕಾಲು ನೀರೇ ಅದಕ್ಕೆ ಸಾಕು. ಗಾಳಿ ತುಂಬಿದ ಟ್ಯೂಬು, ತೋಳಿಗೆ ಹಾಕುವ ಬಲೂನು ಆಟದ ಸಾಮಾನುಗಳು, ಜೀವರಕ್ಷಕ ಜಾಕೆಟ್ ಬೇರೆ. ‘ಎಲ್ಲರೂ ನೋಡಿಕೊಳ್ಳುತ್ತಿದ್ದೀವಿ’ ಅಂದರೆ ಯಾರೂ ನೋಡುತ್ತಿಲ್ಲ. ಒಂದು ಮಗುವಿಗೆ ಒಬ್ಬ ದೊಡ್ಡವರು, ಕೈಗೆಟಕುವ ದೂರದಲ್ಲಿ, ಫೋನ್ ಇಲ್ಲದೆ. ಅರ್ಧ ಗಂಟೆಗೊಮ್ಮೆ ಬಾಯಿಮಾತಿನಲ್ಲಿ ಹೇಳಿಯೇ ಪಾಳಿ ಬದಲಿಸಿ.

ತುಟಿ ನೀಲಿಯಾಗಿ ಹಲ್ಲು ಕಟಕಟ ಅಂದರೆ ಮಗು ಬೇಡವೆಂದರೂ ಹೊರಗೆ ತೆಗೆಯಿರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಎಳೆಯುತ್ತದೆ, ಚಿಕ್ಕ ದೇಹ ಬೇಗ ತಣ್ಣಗಾಗುತ್ತದೆ. ಒಣಗಿಸಿ, ಬಿಸಿಯಾಗಿ ಏನಾದರೂ ಕುಡಿಸಿ, ಇಪ್ಪತ್ತು ನಿಮಿಷ ಬಿಸಿಲಿನಲ್ಲಿ ಕೂರಿಸಿ.

ಅತ್ತೆಯವರು ಜಾರುಬಂಡೆಯ ಕಡೆ ಹೋಗುವುದು ಬೇಡ, ಹೃದಯದ ತೊಂದರೆ, ಬೆನ್ನುನೋವು, ಬಸಿರು ಇರುವವರಿಗೂ ಅದೇ ಮಾತು. ಆದರೆ ಅವರ ವಿಷಯದಲ್ಲಿ ನಿಜವಾದ ಅಪಾಯ ಪಾದ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ಸ್ಪರ್ಶ ಮಂದವಾಗಿರುತ್ತದೆ. ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ನಡೆದು ಬೊಬ್ಬೆ ಎದ್ದದ್ದೂ ರಾತ್ರಿಯವರೆಗೆ ಗೊತ್ತಾಗುವುದಿಲ್ಲ. ಹಿಮ್ಮಡಿ ಪಟ್ಟಿ ಇರುವ ರಬ್ಬರ್ ಚಪ್ಪಲಿ ಅವರ ಕಾಲಿನಿಂದ ಇಳಿಯದಿರಲಿ, ರಾತ್ರಿ ರೂಮಿನಲ್ಲಿ ನೀವೇ ಒಮ್ಮೆ ಅಂಗಾಲು ನೋಡಿ. ಅವರ ಮಾತ್ರೆ, ಒಂದಿಷ್ಟು ಸಕ್ಕರೆ ಅಥವಾ ಗ್ಲೂಕೋಸ್ ಲಾಕರಿನಲ್ಲಿ ಬೇಡ, ಅವರ ಚೀಲದಲ್ಲೇ ಇರಲಿ.

ಸಂಜೆ ಬಿಡದಿಯಿಂದ ಎಕ್ಸ್‌ಪ್ರೆಸ್‌ವೇ ಹಿಡಿದರೆ ಮೈಸೂರು ನೂರು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಕಾರಿಗೆ ವೇಗದ ಮಿತಿ ಗಂಟೆಗೆ 100, ಕ್ಯಾಮೆರಾಗಳು ನಿಜವಾಗಿಯೂ ಕೆಲಸ ಮಾಡುತ್ತವೆ. ಹೋಟೆಲ್ ಝೂ ಆಸುಪಾಸು ಅಥವಾ ನಜರ್‌ಬಾದ್ ಕಡೆ ಸಿಕ್ಕರೆ ಬೆಳಗ್ಗೆ ಹತ್ತು ನಿಮಿಷದ ದಾರಿ. ಒದ್ದೆ ಬಟ್ಟೆಯನ್ನು ರಾತ್ರಿಯೇ ಸಾದಾ ನೀರಿನಲ್ಲಿ ಹಿಂಡಿ ಫ್ಯಾನ್ ಕೆಳಗೆ ಹರಡಿ, ಕವರಿನಲ್ಲೇ ಬಿಟ್ಟರೆ ಮರುದಿನ ಕಾರಿನಲ್ಲಿ ಕೂರಲಾಗದು.

ಭಾನುವಾರದ ಝೂ ಟಿಕೆಟ್ ಆನ್‌ಲೈನಲ್ಲಿ ತೆಗೆದಿಟ್ಟುಕೊಳ್ಳಿ. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಶುರುವಾದ ಝೂ ಇದು, ಮರಗಳೂ ಅಷ್ಟೇ ಹಳೆಯವು, ಹಾಗಾಗಿ ವಯಸ್ಸಾದವರಿಗೆ ಬನ್ನೇರುಘಟ್ಟಕ್ಕಿಂತ ಇಲ್ಲಿ ನೆರಳು ಹೆಚ್ಚು. ನಡೆಯುವ ದಾರಿ ಸುಮಾರು 3 ಕಿ.ಮೀ., ಅತ್ತೆಯವರಿಗೆ ಬ್ಯಾಟರಿ ಗಾಡಿ ಒಳಹೊಕ್ಕ ತಕ್ಷಣ ಕೇಳಿ, ಹತ್ತರ ನಂತರ ಅದಕ್ಕೂ ಸಾಲು. ದಾರಿ ಹೆಚ್ಚುಕಡಿಮೆ ಒಂದೇ ದಿಕ್ಕಿನದು, ಹಿಂತಿರುಗಿ ಬರುವುದು ಕಷ್ಟ. ಆದ್ದರಿಂದ ಶುರುವಿನ ಪಂಜರಗಳ ಮುಂದೆಯೇ ಅರ್ಧ ಗಂಟೆ ಕಳೆಯದೆ, ದೊಡ್ಡ ಬೆಕ್ಕುಗಳು ಮತ್ತು 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳ ಕಡೆಗೆ ಬೇಗ ತಲುಪುವ ಹಾಗೆ ನೋಡಿಕೊಳ್ಳಿ. ಹಾವು, ಮೊಸಳೆಗಳಿಗೆ ಅವಸರವಿಲ್ಲ, ಅವು ಬಿಸಿಲೇರಿದ ಮೇಲೂ ಅಲ್ಲೇ ಇರುತ್ತವೆ. ನೀರಿಗೆ ಸ್ಟೀಲ್ ಬಾಟಲಿ ಒಯ್ಯಿರಿ, ಪ್ಲಾಸ್ಟಿಕ್ ಅನ್ನು ಗೇಟಿನಲ್ಲೇ ತಪಾಸಣೆ ಮಾಡುತ್ತಾರೆ. ಪ್ರಾಣಿಗಳಿಗೆ ತಿನಿಸು ಎಸೆಯುವುದು, ಕೂಗಿ ಕೆಣಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಮಕ್ಕಳಿಗಿಂತ ಅಪ್ಪಂದಿರಿಗೇ ಇದನ್ನು ಹೇಳಬೇಕಾಗುತ್ತದೆ.

ಹನ್ನೆರಡೂವರೆಗೆ ಮುಗಿಸಿ ಊಟ ಮಾಡಿ ಹೊರಟರೆ ಮದ್ದೂರು, ಹುಲಿಯೂರುದುರ್ಗ, ಕುಣಿಗಲ್ ಮೇಲೆ ತುಮಕೂರು. ಬೆಂಗಳೂರಿನ ಭಾನುವಾರದ ಟ್ರಾಫಿಕ್ ಮುಟ್ಟುವುದೇ ಬೇಡ. ಕತ್ತಲಾಗುವ ಮೊದಲು ಮನೆ.

ರಾತ್ರಿ ಹೊರಗೆ ಉಳಿಯಲು ಆಗದು ಎನ್ನುವುದಾದರೆ ಎರಡನ್ನೂ ಒಂದೇ ವಾರ ಹಾಕಿಕೊಳ್ಳಬೇಡಿ. ಮೈಸೂರಿನ ಬದಲು ಬನ್ನೇರುಘಟ್ಟದ ಝೂಗೆ ಬೇರೆ ಒಂದು ದಿನ ಇಡಿ, ಸಫಾರಿ ಬಸ್ಸಿಗೆ ಕಾಯುವುದರಲ್ಲೇ ಅರ್ಧ ದಿನ ಹೋಗಬಹುದು. ಅಲ್ಲಿ ಕಿಟಕಿಯ ಬಲೆಗೆ ಬೆರಳು ಸಿಕ್ಕಿಸಿಕೊಂಡು ಕೂರಲು ಮಕ್ಕಳನ್ನು ಬಿಡಬೇಡಿ, 2025ರ ಆಗಸ್ಟ್‌ನಲ್ಲಿ ಸಫಾರಿ ವಾಹನದಲ್ಲಿದ್ದ ಬಾಲಕನ ಕೈಗೆ ಚಿರತೆ ಪಂಜ ಹಾಕಿದ ಸುದ್ದಿ ನೀವೂ ಓದಿರಬಹುದು. ಈ ಎರಡೂ ಝೂಗಳಿಗೆ ಮಂಗಳವಾರ ರಜೆ, ರಜಾ ದಿನಗಳಲ್ಲಿ ಯೋಜನೆ ಬದಲಿಸುವಾಗ ಇದು ನೆನಪಿರಲಿ.

ಕಾರು ಕೈಕೊಟ್ಟರೆ: ತುಮಕೂರು ಬಸ್ಸಿನಲ್ಲಿ ಬಂದು ಮಾದಾವರದಲ್ಲಿ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ಚಲ್ಲಘಟ್ಟದಲ್ಲಿ ಇಳಿಯಿರಿ. ಅಲ್ಲಿಂದ ಬಿಡದಿ ಕಡೆಗೆ ಬಸ್ಸು. ವಾಪಸ್ ಬರುವಾಗ ಮೈಸೂರಿನಿಂದ ತುಮಕೂರಿಗೆ ನೇರ ಕೆಎಸ್ಆರ್‌ಟಿಸಿ ಬಸ್ಸುಗಳಿವೆ, ಸೀಟು ಮುಂಚೆಯೇ ಕಾಯ್ದಿರಿಸಿ.