ಡಿಡಿಸಿ ಕಂಟ್ರೋಲರ್ ಹಾಕಿಸಿದರೆ ಕಟ್ಟಡದ ಕರೆಂಟ್ ಬಿಲ್ ನಿಜವಾಗಿ ಇಳಿಯುತ್ತಾ?

ನಿಮ್ಮ ಆಫೀಸ್ ಕಟ್ಟಡದ ಸೆಂಟ್ರಲ್ ಎಸಿಗೆ ಡಿಡಿಸಿ (ಡೈರೆಕ್ಟ್ ಡಿಜಿಟಲ್ ಕಂಟ್ರೋಲ್), ಅಂದರೆ ಎಸಿಯನ್ನು ಪ್ರೋಗ್ರಾಂ ಪ್ರಕಾರ ನಡೆಸುವ ಡಿಜಿಟಲ್ ಕಂಟ್ರೋಲರ್ ಹಾಕಿಸಿದರೆ ಬಿಲ್ ಇಳಿಯುತ್ತಾ, ಇಲ್ಲ ಇದು ಮಾರುವವರ ಮಾತಾ ಅಂತ ಕೇಳಿದ್ದೀರಿ. ಇಳಿಯುತ್ತದೆ. ಆದರೆ ಪ್ಯಾನೆಲ್ ಗೋಡೆಗೆ ಹತ್ತಿದ ಮಾತ್ರಕ್ಕೆ ಅಲ್ಲ. ನಾನು ಇದೇ ಕೆಲಸದಲ್ಲಿದ್ದೇನೆ, ವೈರಿಂಗ್, ಪ್ರೋಗ್ರಾಂ ಎರಡೂ ಮಾಡುತ್ತೇನೆ.

ಕಂಟ್ರೋಲರ್ ಸೆನ್ಸರ್ ಓದುತ್ತದೆ, ಸೆಟ್‌ಪಾಯಿಂಟ್‌ಗೆ (ನಾವು ಇಟ್ಟ ಗುರಿ ಮಟ್ಟಕ್ಕೆ) ಹೋಲಿಸುತ್ತದೆ, ನೀರಿನ ವಾಲ್ವ್‌ಗೋ ಗಾಳಿ ತಡೆಯುವ ಬಾಗಿಲಿನಂಥ ಡ್ಯಾಂಪರ್‌ಗೋ 0–10 ವೋಲ್ಟ್ ಸಿಗ್ನಲ್ ಕಳಿಸುತ್ತದೆ. ಅಷ್ಟೇ. ಉಳಿತಾಯ ಇರುವುದು ನೀವು ಬರೆಸುವ ಲಾಜಿಕ್‌ನಲ್ಲಿ.

ಮೊದಲು ಶೆಡ್ಯೂಲ್. ಖಾಲಿ ಕಟ್ಟಡಕ್ಕೆ ಸುಮ್ನೆ ಎಸಿ ಓಡುವುದು ನಿಂತರೆ ಅರ್ಧ ಕೆಲಸ ಆದಂತೆ. ರಜಾದಿನಗಳನ್ನೂ ಅದರಲ್ಲಿ ಸೇರಿಸಿ, ತುಂಬಾ ಕಡೆ ಅದನ್ನೇ ಬಿಟ್ಟಿರುತ್ತಾರೆ.

ಆಮೇಲೆ ಫ್ಯಾನ್. ವಿಎಫ್‌ಡಿ (ಮೋಟಾರ್ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್) ಇದ್ದರೆ ವೇಗ ಇಳಿದಷ್ಟೇ ಅಲ್ಲ, ಅದರ ಘನದ ಲೆಕ್ಕದಲ್ಲಿ ಕರೆಂಟ್ ಇಳಿಯುತ್ತದೆ. ವೇಗ 80%ಗೆ ಬಂದರೆ ಪವರ್ ಸುಮಾರು 51%. ಇದರಲ್ಲಿ ಒಂದು ಸೂಕ್ಷ್ಮ ಇದೆ. ಡಕ್ಟ್‌ನ (ಗಾಳಿ ಹೋಗುವ ಕೊಳವೆಯ) ಒತ್ತಡವನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟರೆ ಇಷ್ಟು ಲಾಭ ಸಿಗಲ್ಲ. ಕೋಣೆಗಳ ಡ್ಯಾಂಪರ್‌ಗಳೆಲ್ಲ ಅರ್ಧ ಮುಚ್ಚಿವೆ ಅಂದರೆ ಒತ್ತಡ ಜಾಸ್ತಿ ಇದೆ ಅಂತ ಅರ್ಥ, ಅಲ್ವಾ? ಆಗ ಒತ್ತಡದ ಸೆಟ್‌ಪಾಯಿಂಟ್ ತಾನೇ ಇಳಿಯುವಂತೆ ಬರೆಸಿ.

ಮೀಟಿಂಗ್ ರೂಮ್‌ಗಳಿಗೆ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಹಾಕಿ, ಜನರ ಉಸಿರಿನಿಂದ ಅದು ಏರಿದ್ದು ಗೊತ್ತಾಗುತ್ತದೆ. ಜನ ಇದ್ದಾಗ ಮಾತ್ರ ಹೊರಗಿನ ಗಾಳಿ ಜಾಸ್ತಿ ಬರಲಿ.

ಇನ್ನು ದುಡ್ಡು ಸದ್ದಿಲ್ಲದೆ ಸೋರುವ ಜಾಗ ಹೇಳುತ್ತೇನೆ. ಸ್ಟಾರ್ಟರ್ ಪ್ಯಾನೆಲ್‌ನಲ್ಲಿ ಹ್ಯಾಂಡ್–ಆಫ್–ಆಟೋ ಸ್ವಿಚ್ ಇರುತ್ತದೆ: ಆಟೋದಲ್ಲಿ ಕಂಟ್ರೋಲರ್ ಮಾತು ನಡೆಯುತ್ತದೆ, ಹ್ಯಾಂಡ್‌ನಲ್ಲಿ ಅದನ್ನು ಕೇಳದೆ ಫ್ಯಾನ್ ಓಡುತ್ತಲೇ ಇರುತ್ತದೆ. ಯಾರಿಗೋ ಒಂದು ದಿನ ಸೆಕೆ ಅನಿಸುತ್ತದೆ, ಆಪರೇಟರ್ ಅದನ್ನು ಹ್ಯಾಂಡ್‌ಗೆ ತಿರುಗಿಸುತ್ತಾನೆ. ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಸ್ಕ್ರೀನ್ ಮೇಲೆ ಕಮಾಂಡ್ 'ಆಫ್', ಒಳಗೆ ಫ್ಯಾನ್ ರಾತ್ರಿಯಿಡೀ ಓಡುತ್ತಿರುತ್ತದೆ. ಅದಕ್ಕೇ ಮೋಟಾರ್ ವೈರಿಗೆ ಕರೆಂಟ್ ಸ್ವಿಚ್ (ಕರೆಂಟ್ ಹರಿಯುತ್ತಿದೆಯಾ ಅಂತ ತಿಳಿಸುವ ಸೆನ್ಸರ್) ಹಾಕಿಸಿ, ಕಮಾಂಡ್‌ಗೂ ನಿಜವಾದ ಸ್ಟೇಟಸ್‌ಗೂ ತಾಳೆಯಾಗದಿದ್ದರೆ ಅಲಾರಂ ಬರಲಿ. ಹಾಗೇ ಟ್ರೆಂಡ್ (ಕಂಟ್ರೋಲರ್ ದಾಖಲಿಸಿದ ಗ್ರಾಫ್) ನೋಡಿ: ತಣ್ಣೀರು ಬಿಡುವ ಚಿಲ್ಡ್ ವಾಟರ್ ವಾಲ್ವ್ 0% ಇದ್ದರೂ ಆ ನೀರು ಹರಿಯುವ ಕಾಯಿಲ್ ದಾಟಿದ ಗಾಳಿ ತಣ್ಣಗಾಗುತ್ತಿದ್ದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ.

ಕೊಳ್ಳುವಾಗ ಬ್ಯಾಕ್‌ನೆಟ್‌ನಂಥ ಓಪನ್ ಪ್ರೋಟೋಕಾಲ್ (ಬೇರೆ ಬೇರೆ ಕಂಪನಿಯ ಉಪಕರಣಗಳು ಮಾತಾಡಿಕೊಳ್ಳುವ ಸಾಮಾನ್ಯ ಭಾಷೆ) ಕೇಳಿ. ಪ್ರೋಗ್ರಾಂನ ಬ್ಯಾಕಪ್, ಅಡ್ಮಿನ್ ಪಾಸ್‌ವರ್ಡ್ ಎರಡೂ ನಿಮ್ಮ ಕೈಗೆ ಬರಬೇಕು ಅಂತ ಆರ್ಡರ್‌ನಲ್ಲೇ ಬರೆಸಿ. ಇಲ್ಲದಿದ್ದರೆ ಒಂದು ಶೆಡ್ಯೂಲ್ ಬದಲಿಸಲೂ ಕಂಟ್ರೋಲರ್ ಮಾರಿದವರಿಗೇ ಫೋನ್ ಮಾಡಬೇಕಾಗುತ್ತದೆ.