ತೋಳಿನ ನರಕ್ಕೆ ಪೆಟ್ಟು ಬಿದ್ದು ಕೈ ಉರಿಯುತ್ತಿದ್ದರೆ ಏನು ಮಾಡಬೇಕು?

ನಿಮ್ಮ ತಮ್ಮ ಅಡಿಕೆ ಮರದಿಂದ ಬಿದ್ದು ಎರಡು ತಿಂಗಳಾಯ್ತು, ಕೈ ಎತ್ತಲು ಆಗುತ್ತಿಲ್ಲ, ರಾತ್ರಿಯೆಲ್ಲ ಉರಿ ಅಂತ ಒದ್ದಾಡುತ್ತಾನೆ, ನೋವಿನ ಮಾತ್ರೆ ನಾಟುತ್ತಿಲ್ಲ ಅಂತ ಕೇಳಿದ್ದೀರಿ. ತೀರ್ಥಹಳ್ಳಿ ಹತ್ತಿರ ಬೈಕಿನಿಂದ ಬಿದ್ದಾಗ ನನಗೂ ಇದೇ ನರಗಳಿಗೆ ಪೆಟ್ಟಾಗಿತ್ತು. ಬೆರಳಿಗೆ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ, ಆದರೆ ಅದೇ ಬೆರಳು ಕೆಂಡದ ಮೇಲಿಟ್ಟ ಹಾಗೆ ಸುಡುತ್ತದೆ. ನಿಮ್ಮ ತಮ್ಮ ಹೇಳುವುದನ್ನು ದಯವಿಟ್ಟು ನಂಬಿ.

ಮೊದಲು ಆಪರೇಷನ್ ವಿಷಯ, ಯಾಕಂದ್ರೆ ಅದಕ್ಕೆ ಗಡುವು ಇದೆ. ಕುತ್ತಿಗೆಯಿಂದ ತೋಳಿಗೆ ಇಳಿಯುವ ಐದು ನರಬೇರುಗಳ ಹೆಣಿಗೆಗೆ ಬ್ರೇಕಿಯಲ್ ಪ್ಲೆಕ್ಸಸ್ ಅನ್ನುತ್ತಾರೆ. ಬರೀ ಎಳೆತವಾಗಿದ್ದರೆ ತಾನಾಗಿಯೇ ಸರಿಹೋಗಬಹುದು. ಹರಿದಿದ್ದರೆ ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ಆಪರೇಷನ್ ಆದರೆ ಒಳ್ಳೆಯದು. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೆ. ತಡವಾದರೆ ಅದು ಮುಟ್ಟುವ ಹೊತ್ತಿಗೆ ಸ್ನಾಯು ಸೊರಗಿರುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ತೋರಿಸಿ, ಎಲ್ಲೇ ತೋರಿಸಿ, ಎಂಆರ್‌ಐ ಮತ್ತು ಇಎಂಜಿ (ನರ, ಸ್ನಾಯು ಎಷ್ಟು ಕೆಲಸ ಮಾಡುತ್ತಿವೆ ಅಂತ ನೋಡುವ ಪರೀಕ್ಷೆ) ಬೇಕಾ, ನರದ ಸರ್ಜನ್ ಹತ್ತಿರ ಹೋಗಬೇಕಾ ಅಂತ ಬಾಯಿಬಿಟ್ಟು ಕೇಳಿ.

ಪ್ಯಾರಸಿಟಮಾಲ್‌ನಂಥ ಮಾತ್ರೆ ಈ ಉರಿಗೆ ಅಷ್ಟಾಗಿ ಕೇಳುವುದಿಲ್ಲ. ಪೆಟ್ಟಾದ ನರವೇ ನೋವು ಹುಟ್ಟಿಸುತ್ತಿರುತ್ತದೆ, ಅಲ್ವಾ. ಇದಕ್ಕೆ ಡಾಕ್ಟರು ಪ್ರೆಗಾಬಾಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ತರಹದವು ಕೊಡುತ್ತಾರೆ. ಕಡಿಮೆ ಡೋಸಿನಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ, ಗುಣ ಕಾಣಲು ಕೆಲವು ವಾರ ಬೇಕು. ಮಂಪರು, ತಲೆಸುತ್ತು ಬರಬಹುದು, ಹಾಗಾಗಿ ಬೈಕ್ ಬೇಡ. ಸುಮ್ನೆ ಒಂದೇ ಸಲ ನಿಲ್ಲಿಸಲೂ ಬೇಡಿ. ನನಗೆ ಇದರಿಂದ ನೋವು ಪೂರ್ತಿ ಹೋಗಲಿಲ್ಲ, ನಿದ್ದೆ ಬಂತು. ನಿದ್ದೆ ಬಂದ ಮೇಲೆ ಹಗಲಿನ ನೋವು ತಡೆದುಕೊಳ್ಳುವ ಹಾಗಾಯ್ತು.

ಕೈ ಜೋತುಬಿದ್ದರೆ ಭುಜ ಜಗ್ಗಿ ನೋವು ಜಾಸ್ತಿ, ಅದಕ್ಕೆ ಕುತ್ತಿಗೆಯಿಂದ ಕೈ ತೂಗುಹಾಕುವ ಪಟ್ಟಿ, ಅಂದರೆ ಸ್ಲಿಂಗ್. ಆದರೆ ಇಡೀ ದಿನ ಕಟ್ಟಿಟ್ಟರೆ ಕೀಲು ಬಿಗಿಯುತ್ತದೆ. ನಾನು ಮಲಗಿಕೊಂಡು ಒಳ್ಳೆ ಕೈಯಿಂದ ಈ ಕೈಯ ಮಣಿಕಟ್ಟು ಹಿಡಿದು ಮೆಲ್ಲಗೆ ಮೇಲಕ್ಕೆತ್ತುತ್ತೇನೆ, ಆಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತೇನೆ. ನಿಮ್ಮ ತಮ್ಮನಿಗೆ ಯಾವುದು ಸರಿ ಅಂತ ಫಿಸಿಯೋಥೆರಪಿಯವರು ತೋರಿಸಲಿ. ಜೋರಾಗಿ ಎಣ್ಣೆ ತಿಕ್ಕಿ ಎಳೆಯುವುದು ಖಂಡಿತ ಬೇಡ.

ನಮ್ಮ ಮಳೆಗಾಲದ ಥಂಡಿಗೆ ಉರಿ ಏರುತ್ತದೆ, ಉಣ್ಣೆಯ ತೋಳು ಹಾಕಿಸಿ. ಒಲೆ ಹತ್ತಿರ ಆ ಕೈ ಕಾಯಿಸಬೇಡಿ, ಸ್ಪರ್ಶ ಇಲ್ಲದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಹಂಡೆ ನೀರನ್ನೂ ಒಳ್ಳೆ ಕೈಯಲ್ಲೇ ಮುಟ್ಟಿ ನೋಡಲಿ.

ದುಡಿಯುವ ಕೈ ನಿಂತಾಗ ಮನಸ್ಸು ಕುಸಿಯುತ್ತದೆ. ನಿಮ್ಮ ತಮ್ಮ ಮಾತು ಕಡಿಮೆ ಮಾಡಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ, ಕನ್ನಡದಲ್ಲೇ ಮಾತಾಡುತ್ತಾರೆ. ಎಂಆರ್‌ಐ ಆಗಿದ್ದರೆ ಡಾಕ್ಟರು ಏನು ಹೇಳಿದರು ಅಂತ ಇಲ್ಲೇ ಬರೆಯಿರಿ.