ಒಬ್ಬ ಸ್ಟಾರ್ ಸಾಲದು

ಓದುಗರೊಬ್ಬರ ಪತ್ರ: ‘2025ರ ನವೆಂಬರಿನಲ್ಲಿ ಬೆಂಗಳೂರಿನಲ್ಲೇ ಮಹಿಳಾ ಟೆನಿಸ್ ತಂಡಗಳ ಬಿಲ್ಲಿ ಜೀನ್ ಕಿಂಗ್ ಕಪ್ ಪ್ಲೇ-ಆಫ್ ನಡೆಯಿತು, ನಮ್ಮ ಹುಡುಗಿಯರು ಸೋತರು. ಟೆನಿಸ್ ಒಬ್ಬೊಬ್ಬರೇ ಆಡುವ ಆಟ, ಅದರಲ್ಲಿ ದೇಶದ ತಂಡ ಯಾಕೆ? ಅದಕ್ಕೆ ಅಮೆರಿಕದವರೊಬ್ಬರ ಹೆಸರು ಬೇರೆ! ಸಾನಿಯಾ ತರಹ ಇನ್ನೊಬ್ಬಳು ಬರಲಿ, ಆಮೇಲೆ ಪುಟ ತುಂಬಿಸಿ.’

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನೀವು ಕಾಯುತ್ತಿರುವ ಆ ಇನ್ನೊಬ್ಬಳು ಬಂದರೂ ಈ ಕಪ್ ಬರುವುದಿಲ್ಲ. ಬೆಂಗಳೂರಿನ ಪ್ಲೇ-ಆಫ್‌ನಲ್ಲೂ ಕಪ್‌ನ ಕೊನೆಯ ಹಂತದಲ್ಲೂ ಲೆಕ್ಕವೇ ಹಾಗಿತ್ತು. ಎರಡು ದೇಶಗಳ ನಡುವೆ ಎರಡು ಸಿಂಗಲ್ಸ್, ಒಂದು ಡಬಲ್ಸ್. ಮೂರರಲ್ಲಿ ಎರಡು ಗೆಲ್ಲಬೇಕು. ಎಷ್ಟೇ ದೊಡ್ಡ ಆಟಗಾರ್ತಿಯಾದರೂ ಒಬ್ಬಳೇ ಗೆಲ್ಲಬಹುದಾದದ್ದು ಒಂದು ಸಿಂಗಲ್ಸ್, ಅಷ್ಟೇ. ಎರಡನೆಯವಳು ಸೋತರೆ ಎಲ್ಲ ಡಬಲ್ಸ್ ಮೇಲೆ ಬಂದು ಕೂರುತ್ತದೆ.

2024ರಲ್ಲಿ ಸ್ಪೇನಿನ ಮಲಾಗಾದಲ್ಲಿ ನಡೆದ ಈ ಕಪ್‌ನ ಇಟಲಿ-ಪೋಲೆಂಡ್ ಸೆಮಿಫೈನಲ್ ನೋಡಿ. ಪೋಲೆಂಡ್ ಕಡೆ ಇಗಾ ಶ್ವಿಯಾಂಟೆಕ್ ಇದ್ದರು, ಅದೇ ವರ್ಷ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಇಟಲಿಯ ಜಾಸ್ಮಿನ್ ಪಾವೊಲಿನಿಯನ್ನು ಸೋಲಿಸಿದ್ದವರು. ಇಲ್ಲೂ ಸೋಲಿಸಿದರು. ಆದರೆ ಇನ್ನೊಂದು ಸಿಂಗಲ್ಸ್‌ನಲ್ಲಿ ಲೂಸಿಯಾ ಬ್ರೊಂಜೆಟ್ಟಿ ಇಟಲಿಗೆ ಗೆಲುವು ತಂದರು. ಡಬಲ್ಸ್‌ಗೆ ಪಾವೊಲಿನಿ ಜೊತೆ ಇಳಿದವರು 37 ವರ್ಷದ ಸಾರಾ ಎರಾನಿ, ಇಬ್ಬರೂ ಸೇರಿ ಆಗಷ್ಟೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಡಬಲ್ಸ್ ಚಿನ್ನ ಗೆದ್ದಿದ್ದವರು, ಅವರ ಮುಂದೆ ಶ್ವಿಯಾಂಟೆಕ್ ಜೋಡಿಯ ಆಟ ನಡೆಯಲಿಲ್ಲ. ಇಟಲಿ ಕಪ್ ಗೆದ್ದಿತು. ಮರುವರ್ಷ ಚೀನಾದ ಶೆನ್‌ಜೆನ್‌ನಲ್ಲಿ ಅಮೆರಿಕವನ್ನು ಸೋಲಿಸಿ ಮತ್ತೆ ಗೆದ್ದಿತು. 2023ರಲ್ಲಿ ಕೆನಡಾ ಮೊದಲ ಸಲ ಗೆದ್ದದ್ದೂ ಹೀಗೇ. ಫೈನಲ್‌ನ ಒಂದು ಸಿಂಗಲ್ಸ್ ಗೆದ್ದ ಮರೀನಾ ಸ್ಟಾಕುಸಿಕ್‌ಗೆ ಆಗ 18 ವರ್ಷ, ರ‍್ಯಾಂಕಿಂಗ್ 200ರ ಆಚೆ, ಟೆನಿಸ್ ನೋಡುವವರಿಗೂ ಆ ಹೆಸರು ಹೊಸದು.

ಇನ್ನು ಸಾನಿಯಾ ವಿಷಯ. ಮುಂದಿನ ಹಂತಕ್ಕೆ ಒಯ್ಯುವ ಈ ಪ್ಲೇ-ಆಫನ್ನು ಭಾರತ ಮೊದಲ ಸಲ ಮುಟ್ಟಿದ್ದು 2020ರಲ್ಲಿ, ದುಬೈಯಲ್ಲಿ ನಡೆದ ಏಷ್ಯಾ-ಓಷಿಯಾನಿಯಾ ಗುಂಪಿನ ಪಂದ್ಯಗಳಿಂದ. ತಾಯಿಯಾದ ಮೇಲೆ ಸಾನಿಯಾ ತಂಡಕ್ಕೆ ವಾಪಸ್ ಬಂದಿದ್ದರು, ನಿಜ. ಆದರೆ ಕೊನೆಯ ದಿನ ಇಂಡೋನೇಷ್ಯಾ ವಿರುದ್ಧ ಮೊದಲ ಸಿಂಗಲ್ಸ್ ಕೈಬಿಟ್ಟ ಮೇಲೆ ಎರಡನೆಯದನ್ನು ಉಳಿಸಿಕೊಟ್ಟವರು ಅಂಕಿತಾ ರೈನಾ. ಆಮೇಲೆ ಸಾನಿಯಾ ಜೊತೆ ಡಬಲ್ಸ್ ಗೆದ್ದವರೂ ಅವರೇ. ಪತ್ರಿಕೆಗಳಲ್ಲಿ ದೊಡ್ಡ ಫೋಟೊ ಮಾತ್ರ ಸಾನಿಯಾದು. ಆ ಪ್ಲೇ-ಆಫ್‌ಗೆ 2021ರ ಏಪ್ರಿಲ್‌ನಲ್ಲಿ ಲಾಟ್ವಿಯಾಕ್ಕೆ ಹೋಗಿ ಸೋತೆವು. ಅಲ್ಲೂ ಅಂಕಿತಾ ಫ್ರೆಂಚ್ ಓಪನ್ ಗೆದ್ದಿದ್ದ ಒಸ್ಟಾಪೆಂಕೊ ಅವರನ್ನು ಮೂರನೇ ಸೆಟ್‌ವರೆಗೆ ಎಳೆದೇ ಬಿಟ್ಟದ್ದು.

ಬೆಂಗಳೂರಿಗೆ ಬಂದ ತಂಡವೂ ಸುಮ್ನೆ ಬಂದದ್ದಲ್ಲ. 2025ರ ಏಪ್ರಿಲ್‌ನಲ್ಲಿ ಪುಣೆಯಲ್ಲಿ ಏಷ್ಯಾ-ಓಷಿಯಾನಿಯಾ ಗುಂಪಿನಲ್ಲಿ ನ್ಯೂಜಿಲೆಂಡ್ ನಂತರ ಎರಡನೆಯ ಸ್ಥಾನ ಪಡೆದು ಬಂದದ್ದು. ಹೈದರಾಬಾದಿನ ಶ್ರೀವಲ್ಲಿ ಭಮಿಡಿಪಾಟಿ ಅಲ್ಲಿ ಆಡಿದ ಐದೂ ಸಿಂಗಲ್ಸ್ ಗೆದ್ದರು. ಕಬ್ಬನ್ ಪಾರ್ಕಿನ ಕೋರ್ಟಿಗೆ ಬಂದವರು ಸ್ಲೊವೇನಿಯಾ, ನೆದರ್ಲೆಂಡ್ಸ್. ಮುಂದಕ್ಕೆ ಹೋದದ್ದು ಸ್ಲೊವೇನಿಯಾ. ಅದೆಷ್ಟು ದೊಡ್ಡ ದೇಶ ಅಂದುಕೊಂಡಿದ್ದೀರಿ? ಜನಸಂಖ್ಯೆ ಸುಮಾರು 20 ಲಕ್ಷ, ನಮ್ಮ ಬೆಂಗಳೂರಿನ ಒಂದು ಮೂಲೆಗೂ ಸಾಲದು! ಆದರೂ ತಂಡಕ್ಕೆ ಬೇಕಾದ ಮೂರ್ನಾಲ್ಕು ಜನ ಅವರಲ್ಲಿದ್ದಾರೆ. ನಮ್ಮಲ್ಲಿ ಸಿಂಗಲ್ಸ್‌ನ ಮೊದಲ ನೂರರೊಳಗೆ ಒಬ್ಬರೂ ಇರಲಿಲ್ಲ. ಬೈಯುವುದಾದರೆ ಇದಕ್ಕೆ ಬೈಯಿರಿ, ಆಡಿದ ಹುಡುಗಿಯರಿಗಲ್ಲ.

ಹೆಸರಿನ ಮಾತಿಗೆ ಬರೋಣ. ಗಂಡಸರ ಡೇವಿಸ್ ಕಪ್ 1900ರಿಂದಲೇ ಇತ್ತು. ಹೆಂಗಸರಿಗೂ ಇಂಥದ್ದು ಬೇಕು ಅಂತ ಅಮೆರಿಕದ ಆಟಗಾರ್ತಿ ಹೇಜಲ್ ವೈಟ್‌ಮನ್ 1919ರಲ್ಲೇ ಕೇಳಿದ್ದರು. ಸಿಕ್ಕಿದ್ದು 1963ರಲ್ಲಿ, ಫೆಡರೇಷನ್ ಕಪ್ ಅಂತ, ಲಂಡನ್ನಿನ ಕ್ವೀನ್ಸ್ ಕ್ಲಬ್ಬಿನಲ್ಲಿ, 16 ದೇಶ, ಬಹುಮಾನದ ಹಣ ಸೊನ್ನೆ. ಫೈನಲ್‌ನಲ್ಲಿ ಅಮೆರಿಕ ಮತ್ತು ಆಸ್ಟ್ರೇಲಿಯಾ ಒಂದೊಂದು ಸಿಂಗಲ್ಸ್ ಗೆದ್ದಿದ್ದವು. ಡಬಲ್ಸ್‌ನಲ್ಲಿ ಡಾರ್ಲಿನ್ ಹಾರ್ಡ್ ಜೊತೆ 19 ವರ್ಷದ ಹುಡುಗಿಯೊಬ್ಬಳು ಇಳಿದಳು. ಎದುರಿಗೆ ಮಾರ್ಗರೆಟ್ ಸ್ಮಿತ್, ಲೆಸ್ಲಿ ಟರ್ನರ್. ಮೊದಲ ಸೆಟ್ ಹೋಯಿತು, ಎರಡನೆಯದು 13-11ಕ್ಕೆ ಬಂತು, ಮೂರನೆಯದು 6-3. ಕಪ್ ಅಮೆರಿಕಕ್ಕೆ. ಆ ಹುಡುಗಿಯೇ ಬಿಲ್ಲಿ ಜೀನ್ ಕಿಂಗ್, ಮದುವೆಗೆ ಮುಂಚಿನ ಹೆಸರಲ್ಲಿ ಆಗಿನ್ನೂ ಬಿಲ್ಲಿ ಜೀನ್ ಮಾಫಿಟ್. ಆಟಗಾರ್ತಿಯಾಗಿ, ಕ್ಯಾಪ್ಟನ್ ಆಗಿ ಹತ್ತು ಸಲ ಈ ಕಪ್ ಗೆದ್ದರು, 2020ರಲ್ಲಿ ಕಪ್ಪಿಗೇ ಅವರ ಹೆಸರಿಟ್ಟರು. ಜಾಸ್ತಿ ಆಯಿತು ಅನ್ನಿಸುತ್ತಾ ನಿಮಗೆ? ನನಗಂತೂ ಇಲ್ಲ.